ಬೆಳಕಿಗೆ ಬನ್ನಿ

ಹಣ ಕಳಿಸುವ ಆ್ಯಪು ನನ್ನ ಮುಖ ಕೇಳಿತು.
ಕೊಟ್ಟೆ.
ಮುಖ ಕಾಣುತ್ತಿಲ್ಲ, ಬೆಳಕಿಗೆ ಬನ್ನಿ, ಅಂದಿತು.
ಟ್ಯೂಬ್‌ಲೈಟಿನ ಕೆಳಗೆ ನಿಂತೆ. ಬೆಳಕಿಗೆ ಬನ್ನಿ.
ಮುಹರಕ್‌ನ ಆಗಸ್ಟು, ನಡು ಮಧ್ಯಾಹ್ನ,
ಬೆಕ್ಕು ಕೂಡ ಕಾರಿನಡಿ ನುಸುಳುವ ಹೊತ್ತು,
ರಸ್ತೆ ಮಧ್ಯೆ ಫೋನೆತ್ತಿ ನಿಂತೆ:
ಬೆಳಕಿಗೆ ಬನ್ನಿ.
ಇನ್ನೆಲ್ಲಿಗೆ ಬರಲಿ ಮಾರಾಯ,
ಸೂರ್ಯನ ಕೊರಳಿಗೇ ಜೋತು ಬೀಳಲೇ?

ನಾನು ಇನಾಸ ಸಿದ್ದಿ, ಹಳಿಯಾಳ ತಾಲೂಕು.
ಸೀಫ್‌ನ ಗಾಜಿನ ಕಟ್ಟಡಕ್ಕೆ ರಾತ್ರಿ ಕಾವಲು.
ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸಪ್ಪ ಪಾಸ್‌ಪೋರ್ಟ್ ಕೇಳಿದ್ದ;
ಇಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ
ಕೋಸಂಬರಿ ಬಡಿಸುತ್ತಾ ಒಬ್ಬರು ಬೆರಗಾದರು:
"ಎಷ್ಟು ಚೆಂದ ಕನ್ನಡ! ಎಲ್ಲಿ ಕಲಿತಿರಿ?"
ಅವ್ವನ ಹೊಟ್ಟೆಯಲ್ಲಿ, ಅಂದೆ.
ನಕ್ಕು ಇನ್ನೊಂದು ಚಮಚ ಹಾಕಿದರು.

ಆರನೇ ಮಹಡಿಯಲ್ಲಿ ಬದ್ರಿಯಾ.
ಅವಳದೂ ರಾತ್ರಿ ಪಾಳಿ, ಅವಳದೂ ಕಾವಲು.
ನನಗೆ ಒಂದು ಬಾಗಿಲು, ಒಂದು ಟಾರ್ಚು.
ಅವಳಿಗೆ ಎಣಿಸಲಾಗದಷ್ಟು ಬಾಗಿಲು,
ಬರುವ ಕಳ್ಳರಿಗೆ ಕಾಲಿಲ್ಲ, ನೆರಳಿಲ್ಲ.
ನನ್ನ ಚಿಕ್ಕಮ್ಮನದೇ ಬಣ್ಣ, ಅದೇ ಅಗಲ ಹಣೆ;
ಶೇಲೆಯ ಅಂಚಿನಿಂದ ಒಂದು ಸುರುಳಿ ಹಟ ಮಾಡಿ ಇಣುಕುತ್ತದೆ,
ನಮ್ಮನೆಯ ಬಾಚಣಿಗೆಗಳನ್ನೆಲ್ಲ ಮುರಿದ ಕೂದಲು.

ಆ್ಯಪಿನ ಕತೆ ಕೇಳಿ ಅವಳು ನಗಲಿಲ್ಲ.
ಮುತ್ತಜ್ಜನ ಹೆಸರು ಮರ್ಜಾನ್, ಅಂದಳು,
ಕೊಂಡವರು ಇಟ್ಟ ಹೆಸರು.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು,
ಕಡಲ ತಳದಿಂದ ಮುತ್ತೆತ್ತಿದ.
ಲೆಕ್ಕದ ಪುಸ್ತಕದಲ್ಲಿ ಮುತ್ತಿನ ತೂಕವಿದೆ,
ಅವನದು ಬರೀ ಸಾಲ.
ಅಜ್ಜಿ ಗುಮಾಶಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ವೈರು ಕಿತ್ತು ವೈರು ಚುಚ್ಚುತ್ತಿದ್ದಳು.
ಆ ದನಿಗೆ ಮರುಳಾಗಿ ಹಬ್ಬಕ್ಕೆ ಖರ್ಜೂರದ ಡಬ್ಬಿ ತಂದವನೊಬ್ಬ
ಮುಖ ನೋಡಿ ಡಬ್ಬಿ ವಾಪಸು ಒಯ್ದ.
ಅಜ್ಜಿ ಅವನ ದನಿ ಮರೆಯಲಿಲ್ಲ.
ಎರಡು ವರ್ಷದ ಮೇಲೆ ಯಾರೋ ಅವನ ಹೆಸರಲ್ಲಿ
ಬ್ಯಾಂಕಿಗೆ ಫೋನು ಹಚ್ಚಿ ಹಣ ಕೇಳಿದಾಗ
ಇದು ಅವನ ಗಂಟಲಲ್ಲ ಎಂದು ವೈರು ಕಿತ್ತಳಂತೆ.
ಆಗ ಆ ಕೆಲಸಕ್ಕೆ ಹೆಸರಿರಲಿಲ್ಲ.
ಈಗಿದೆ. ಬದ್ರಿಯಾಳ ಕೊರಳಲ್ಲಿ ನೇತಾಡುತ್ತದೆ, ಫೋಟೋ ಸಮೇತ.

ಮೇಲಿನವರ ಜೊತೆ ಜಗಳ ತೆಗೆದಳು:
ಯಂತ್ರಕ್ಕೆ ನೀವು ತೋರಿಸಿದ್ದೇ ನಿಮ್ಮ ನಿಮ್ಮ ಮುಖಗಳನ್ನು.
ಮೂರು ಗುರುವಾರ ಮೀಟಿಂಗು. ನಾಲ್ಕನೆಯದಕ್ಕೆ ಒಪ್ಪಿದರು.
ಕ್ಯಾಮೆರಾದ ಮುಂದೊಂದು ಸ್ಟೂಲು.
ಗಾಜು ಒರೆಸುವ ಕಿಸುಮುವಿನ ಅಕಿನ್ಯಿ ಕೂತಳು,
ಸುಡಾನಿನ ಲಾರಿ ಡ್ರೈವರ್ ಇದ್ರೀಸ್ ಕೂತ,
ಲೇವಾ ಬಾರಿಸುವ ಮುಹರಕ್‌ನ ಮುದುಕರು, ನಾನು.
ಎಡಕ್ಕೆ, ಬಲಕ್ಕೆ, ಗದ್ದ ಮೇಲೆ.
ಯಾತಕ್ಕೆಂದು ಅವರವರ ಭಾಷೆಯಲ್ಲಿ ಹೇಳಿಸಿಯೇ ಸಹಿ;
ಒಲ್ಲೆನೆಂದವಳಿಗೂ ಚಹಾ ಕೊಟ್ಟಳು.
ಕಾಯುತ್ತಿದ್ದ ಒಬ್ಬ ಮುದುಕ ಕುರ್ಚಿಯ ಕೈಗೆ ಬೆರಳು ಬಡಿದ,
ನಮ್ಮ ಡಮಾಮಿಯದೇ ಪೆಟ್ಟು!
ನನ್ನ ಕಾಲು ನನ್ನ ಕೇಳದೆ ಉತ್ತರ ಕೊಟ್ಟಿತು.
ನಮ್ಮಿಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ.

ಮೊನ್ನೆ ನಸುಕಿಗೆ ಕರೆ ಬಂತು. ಅಚ್ಚ ಧಾರವಾಡದ ಮಾತು:
"ಅಣ್ಣಾರ, ನಿಮ್ಮ ಕಾರ್ಡ್ ಬಂದ್ ಆಗೇತ್ರಿ,
ಮೆಸೇಜಿನ್ಯಾಗಿನ ಆರು ನಂಬರ ಹೇಳ್ರಿ."
ಎಂಟು ವರ್ಷದಲ್ಲಿ ಮೊದಲ ಸಲ ಒಬ್ಬ
ಎಲ್ಲಿ ಕಲಿತಿರಿ ಅನ್ನದೆ ನನ್ನ ಜೊತೆ ಕನ್ನಡ ಆಡಿದ್ದ.
ಗಂಟಲು ಕಟ್ಟಿತು. ಮೂರು ಅಂಕಿ ತುಟಿಗೆ ಬಂದೇ ಬಿಟ್ಟಿದ್ದವು.
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು:
ಅವ್ವನ ಗಾದೆ ಅಡ್ಡ ಬಂತು.
ನೀರೊಳಗಿನ ಮರ್ಜಾನನ ಹಾಗೆ ಬಾಯಿ ಬಿಗಿ ಹಿಡಿದೆ.
ಅವನ ನಂಬರು ಬರೆದು ಆರನೇ ಮಹಡಿಗೆ ಮುಟ್ಟಿಸಿದೆ.

ಪಾಳಿ ಮುಗಿದು, ನೆಲಮಾಳಿಗೆಯ ಮೆಟ್ಟಿಲಲ್ಲಿ,
ಬಲ್ಬು ಹೋದ ಮೂಲೆಯಲ್ಲಿ ಕೂತು
ಅವ್ವನಿಗೆ ಕಳಿಸೋಣವೆಂದು ಫೋನೆತ್ತಿದೆ.
ಹೇಗೂ ಬೆಳಕಿಗೆ ಬಾ ಅನ್ನುತ್ತದೆಂದು ಏಳತೊಡಗಿದೆ.
ಮಂಡಿ ನೆಟ್ಟಗಾಗುವ ಮೊದಲೇ ಹಸಿರು ಗೀಟು.
ಎಷ್ಟು ಕಳಿಸಬೇಕು, ಎಂದು ಕೇಳಿತು.